ಚೆಂಗ್ಡುಗೆ ಹೊರಟ ತಮ್ಮನಿಗೆ, ಯುದ್ಧವಿಮಾನದ ಸಿನಿಮಾಗಳ ಬಗ್ಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಮುಂದಿನ ತಿಂಗಳು ಚೀನಾದ ಚೆಂಗ್ಡುಗೆ ಕೆಲಸಕ್ಕೆ ಬರ್ತಿದ್ದೀಯ. ಊಟ, ಮನೆ, ಚಳಿ, ಫೋನು ಎಲ್ಲ ವಿಚಾರಿಸಿ ಕೊನೆಗೆ ಇದನ್ನ ಸೇರಿಸಿದ್ದೀಯ: "ಅಣ್ಣಾ, ನನಗೆ ವಿಮಾನದ ಹುಚ್ಚು. ಚೀನಾದವರ ಫೈಟರ್ ಸಿನಿಮಾಗಳು ನಿಜವಾಗ್ಲೂ ಚೆನ್ನಾಗಿವೆಯಾ, ಬರೀ ಪ್ರಚಾರನಾ? ನೋಡಿಕೊಂಡು ಬಂದ್ರೆ ಆಫೀಸಿನವರ ಜೊತೆ ಮಾತಿಗೊಂದು ವಿಷಯ ಆಗುತ್ತಾ?"

ಮೊದಲಿನವನ್ನ ಬೇಗ ಮುಗಿಸ್ತೀನಿ. ಮನೆ ಸೇರಿದ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ನೋಂದಾಯಿಸಬೇಕು, ಅದನ್ನ ನಾಳೆಗೆ ಹಾಕಬೇಡ. ದುಡ್ಡೆಲ್ಲ ಫೋನಿನಲ್ಲೇ. ಚಳಿ ಒದ್ದೆ ಚಳಿ, ಬಿಸಿಲು ಅಪರೂಪ. ಊಟದಲ್ಲಿ ನಾಲಿಗೆ ಜುಮ್ಮೆನ್ನಿಸೋ ಒಂದು ಕಾಳು ಸಿಗುತ್ತೆ, ನಮ್ಮ ಮಲೆನಾಡಿನ ಜುಮ್ಮನಕಾಯಿಯ ಬಂಧು. ಎರಡು ವಾರದಲ್ಲಿ ಒಗ್ಗುತ್ತೆ. ಸಾರಿನಪುಡಿ, ಇಂಗು ತಂದ್ಕೋ. ವಾಟ್ಸ್ಯಾಪ್ ಇಲ್ಲಿ ನಡೆಯಲ್ಲ, ವೀಚಾಟ್ 2020ರಿಂದ ನಮ್ಮಲ್ಲಿ ನಿಷೇಧ. ಹಾಗಾದ್ರೆ ಅಮ್ಮನ ಜೊತೆ ಮಾತಾಡೋದು ಹೇಗೆ ಅನ್ನೋದನ್ನ ಬಂದ ಮೇಲೆ ಎದುರಿಗೆ ಕೂತು ಹೇಳ್ತೀನಿ.

ಈಗ ಸಿನಿಮಾ. ನಾನು ವಿಮಾನಪುರದವನು, ಅಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ಶಬ್ದ ಕೇಳಿದ್ರೆ ಸಾಕು, ತಲೆ ಎತ್ತದೆ ಇದು ಕಿರಣ್, ಇದು ಜಾಗ್ವಾರ್ ಅಂತ ಪಂದ್ಯ ಕಟ್ಟೋ ಹುಡುಗರು ನಾವು. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಊರಿನ ಪಶ್ಚಿಮದ ಕಡೆಯಿಂದ ಗುಡುಗಿದ ಹಾಗೆ ಏನೋ ಹೋಯ್ತು. ಊಟದ ಮೇಜಿನಲ್ಲಿದ್ದವರೆಲ್ಲ ಒಮ್ಮೆ ಕಿಟಕಿ ನೋಡಿ ಮತ್ತೆ ತಟ್ಟೆ ನೋಡಿದರು. ಯಾವ ವಿಮಾನ ಅಂತ ಕೇಳಿದೆ. "ಪ್ಯಾಸೆಂಜರ್ ವಿಮಾನ" ಅಂದ ಪಕ್ಕದವನು, ನಗ್ತಾ. ಆಫ್ಟರ್‌ಬರ್ನರ್ (ಫೈಟರಿನ ಇಂಜಿನ್ನಿಗೆ ಹೆಚ್ಚಿನ ದೂಡು ಕೊಡೋ ಬೆಂಕಿ) ಹಾಕಿಕೊಂಡು ಹೋಗೋ ಪ್ಯಾಸೆಂಜರ್ ವಿಮಾನ! ಅವನಿಗೂ ಗೊತ್ತು, ನನಗೆ ಗೊತ್ತಾಗಿದೆ ಅಂತಲೂ ಗೊತ್ತು. ಅವನೇ ಮುಂದೆ ನನ್ನ ಹತ್ತಿರದ ಗೆಳೆಯನಾದ.

ಈ ಊರಿನಲ್ಲೇ ಚೀನಾದ ಜೆ-10 ಫೈಟರ್ ತಯಾರಾಗೋದು, ರೇಡಾರಿನ ಕಣ್ಣು ತಪ್ಪಿಸೋ ಜೆ-20 ಕೂಡ. ಜೆ-20 ಮೊದಲು ಹಾರಿದ್ದು 2011ರ ಜನವರಿ 11ರಂದು, ಅಮೆರಿಕದ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ ಬೀಜಿಂಗ್‌ನಲ್ಲಿದ್ದ ದಿನವೇ. ಅದೇ ತಿಂಗಳು ಸರ್ಕಾರಿ ಟಿವಿಯವರು ವಾಯುಪಡೆಯ ಅಭ್ಯಾಸದ ಸುದ್ದಿ ಹಾಕಿದಾಗ, ಕ್ಷಿಪಣಿಗೆ ಸಿಕ್ಕಿ ವಿಮಾನ ಸಿಡಿಯೋ ದೃಶ್ಯ 1986ರ ಅಮೆರಿಕದ ಫೈಟರ್ ಸಿನಿಮಾ 'ಟಾಪ್ ಗನ್'ನದ್ದೇ ತುಣುಕು ಇದ್ದ ಹಾಗಿದೆ ಅಂತ ಇಲ್ಲಿಯ ಜಾಲಿಗರೇ ಫ್ರೇಮಿಗೆ ಫ್ರೇಮ್ ಇಟ್ಟು ತೋರಿಸಿದ್ದರು. ಎದುರಾಳಿಯನ್ನ ಹಿಡಿಯೋ ವಿಮಾನ ಮಾಡಿಬಿಟ್ಟರು, ಅವನ ಸಿನಿಮಾವನ್ನ ಹಿಡಿಯೋದು ಇನ್ನೂ ಬಾಕಿ.

ಅಂದ ಮಾತ್ರಕ್ಕೆ ಕೆಟ್ಟದಾಗಿವೆ ಅಂತ ಅಲ್ಲ. 2017ರ 'ಸ್ಕೈ ಹಂಟರ್' ನೋಡಿದ್ರೆ ವಾಯುಪಡೆ ಬಾಗಿಲು ತೆರೆದು ಕೊಟ್ಟಿದ್ದು ಕಾಣುತ್ತೆ. ಲಿ ಚೆನ್ ನಿರ್ದೇಶಿಸಿ ನಟಿಸಿದ್ದು, ಜೊತೆಗೆ ಫಾನ್ ಬಿಂಗ್‌ಬಿಂಗ್. ಜೆ-20, ಸಾಗಣೆ ವಿಮಾನ ವೈ-20 ಎಲ್ಲ ಪರದೆ ಮೇಲೆ ಬರುತ್ತವೆ. ಕಥೆ ಮಾತ್ರ ಕಲ್ಪಿತ ದೇಶವೊಂದರಲ್ಲಿ ಒತ್ತೆಯಾಳು ಬಿಡಿಸೋದು. ಅದೇ ವರ್ಷ 'ವುಲ್ಫ್ ವಾರಿಯರ್ 2' ಅನ್ನೋ ಇವರ ಇನ್ನೊಂದು ಹೊಡೆದಾಟದ ಸಿನಿಮಾ 560 ಕೋಟಿ ಯುವಾನ್ ದಾಟಿತು. 'ಸ್ಕೈ ಹಂಟರ್' ಅದರ ಹತ್ತಿರಕ್ಕೂ ಹೋಗಲಿಲ್ಲ. 2023ರ 'ಬಾರ್ನ್ ಟು ಫ್ಲೈ' 'ಸ್ಕೈ ಹಂಟರ್'ಗಿಂತ ಎಷ್ಟೋ ಮೇಲು. ವಾಂಗ್ ಯಿಬೋ ಹೀರೋ, ಹೂ ಜುನ್ ಹಿರಿಯ ಪೈಲಟ್. 2022ರ ಸೆಪ್ಟೆಂಬರ್ 30ಕ್ಕೆ, ರಾಷ್ಟ್ರೀಯ ದಿನದ ರಜೆಗೆ ಬರಬೇಕಿತ್ತು. ಕೆಲವೇ ದಿನ ಮುಂಚೆ ಹಿಂದಕ್ಕೆ ತೆಗೆದರು, ಗ್ರಾಫಿಕ್ಸ್ ಇನ್ನೂ ಚೆನ್ನಾಗಿ ಮಾಡ್ತೀವಿ ಅಂದರು. ಆ ವರ್ಷವೇ ಹೊರಗೆಲ್ಲ 'ಟಾಪ್ ಗನ್: ಮ್ಯಾವರಿಕ್' ಓಡ್ತಿತ್ತು, ಇಲ್ಲಿ ಬಿಡುಗಡೆ ಆಗಲಿಲ್ಲ. ಆದರೆ ಅದನ್ನ ನೋಡದ ವಿಮಾನದ ಹುಚ್ಚರನ್ನ ನಾನು ಕಂಡಿಲ್ಲ. ಹೇಗೆ ನೋಡಿದರು ಅಂತ ಕೇಳಬೇಡ. ಹೋಲಿಕೆ ಬರುತ್ತೆ ಅಂತ ಹೆದರಿದರು ಅಂತಲೇ ಎಲ್ಲರ ಊಹೆ. 2023ರ ಏಪ್ರಿಲ್ 28ಕ್ಕೆ ಬಂತು, 80 ಕೋಟಿ ಯುವಾನ್ ಮೀರಿ ಗಳಿಸಿತು.

ಹೋಲಿಕೆ ಬರದೆ ಇರುತ್ತಾ? ಅಮೆರಿಕದವರು ನಟರನ್ನ ಎರಡು ಸೀಟಿನ ಎಫ್-18ರ ಹಿಂದಿನ ಸೀಟಿನಲ್ಲಿ ಕೂರಿಸಿ, ಕಾಕ್‌ಪಿಟ್ ಒಳಗೇ ಕ್ಯಾಮೆರಾ ಜೋಡಿಸಿ ಹಾರಿಸಿದರು. ಗುರುತ್ವಕ್ಕೆ ಸಿಕ್ಕಿ ಕೆನ್ನೆ ಜೋತು ಬೀಳೋದು ನಟನೆಯಲ್ಲ. ಇವರ ಸಿನಿಮಾದ ಜೆ-20 ಒಂದೇ ಸೀಟಿನದ್ದು, ಅದರ ಒಳಭಾಗ ಗುಟ್ಟು. ಹಾಗಾಗಿ ಹೊರಗಿನ ಶಾಟುಗಳಲ್ಲಿ ಲೋಹ ಲೋಹದ ಹಾಗೇ ಇದೆ, ಒಳಗೆ ನಟನ ಮುಖ ಬಂದ ಕೂಡಲೇ ಆಕಾಶ ಅವನಿಂದ ದೂರ ಹೋಗಿಬಿಡುತ್ತೆ. ಇದು ದುಡ್ಡಿನ ಕೊರತೆ ಅಲ್ಲ.

ಕೊರತೆ ಬೇರೆ ಕಡೆ ಇದೆ. ಆಜ್ಞೆ ಮೀರಿ ಗೆಲ್ಲೋ ಹೀರೋ ಇಲ್ಲಿ ಇರೋಕಾಗಲ್ಲ. ಸೊಕ್ಕಿನ ಹುಡುಗ ಬರ್ತಾನೆ, ತಂಡ ಅವನನ್ನ ತಿದ್ದುತ್ತೆ, ಅಲ್ಲಿಗೆ ಮುಗೀತು. ಶತ್ರುವಿಗೆ ಹೆಸರಿಲ್ಲ, 'ಬಾರ್ನ್ ಟು ಫ್ಲೈ'ನಲ್ಲಿ ಇಂಗ್ಲಿಷ್ ಮಾತಾಡೋ ಪೈಲಟ್‌ಗಳು ಬಂದು ಕೆಣಕಿ ಹೋಗ್ತಾರೆ, ಯಾವ ದೇಶ ಅಂತ ಯಾರೂ ಬಾಯಿ ಬಿಡಲ್ಲ. ಇನ್ನೊಂದು ತೊಡಕು ಕೂಡ ಇದೆ. 1979ರ ವಿಯೆಟ್ನಾಂ ಯುದ್ಧದ ನಂತರ ಇವರು ದೊಡ್ಡ ಯುದ್ಧ ಮಾಡಿಲ್ಲ, ಆ ಯುದ್ಧದಲ್ಲೂ ವಾಯುಪಡೆ ಹೋರಾಟಕ್ಕೆ ಇಳಿಯಲಿಲ್ಲ. ಇವತ್ತಿನ ಜೆಟ್ಟಿಗೆ ನಿಜವಾದ ಡಾಗ್‌ಫೈಟಿನ (ಆಕಾಶದಲ್ಲಿ ಫೈಟರಿಗೆ ಫೈಟರ್ ಎದುರಾಗೋ ಕಾಳಗದ) ಕಥೆ ಎಲ್ಲಿಂದ ತರ್ತಾರೆ?

ಅಲ್ಲೇ 'ಬಾರ್ನ್ ಟು ಫ್ಲೈ' ಸಿನಿಮಾದ ಜಾಣತನ. ಅದು ಪರೀಕ್ಷಾ ಪೈಲಟ್‌ಗಳ ಕಥೆ ಹಿಡೀತು. ಅವರ ಶತ್ರು ವಿದೇಶಿ ಅಲ್ಲ, ನಡುಗಾಳಿಯಲ್ಲಿ ಕೈಕೊಡೋ ಇಂಜಿನ್ನು. ಅಲ್ಲಿ ಸೋಲು ತೋರಿಸೋಕೆ ಅಪ್ಪಣೆ ಇದೆ, ಸಾವು ತೋರಿಸೋಕೂ ಇದೆ, ಅದು ತ್ಯಾಗ ಆಗೋದಾದ್ರೆ. ಹುತಾತ್ಮರ ಸಮಾಧಿಗಳ ದೃಶ್ಯ ಬಂದಾಗ ಥಿಯೇಟರ್ ಪೂರ್ತಿ ಅತ್ತಿತು, ನಾನೂ ಸೇರಿ. ನಮ್ಮ ಫೈಟರ್ ತೇಜಸ್ 2001ರ ಜನವರಿ 4ರಂದು ನಮ್ಮ ಮನೆ ಮೇಲಿನ ಆಕಾಶದಲ್ಲಿ ಮೊದಲು ಹಾರಿದ್ದು, ನಮ್ಮಲ್ಲೇ ಮಾಡಿದ ಕಾವೇರಿ ಇಂಜಿನ್ ಅದಕ್ಕೆ ಕೂರದೆ ಉಳಿದದ್ದು, ಎಲ್ಲ ನೆನಪಾಯ್ತು. ಅಪ್ಪ ಇವತ್ತಿಗೂ ಫೋನಿನಲ್ಲಿ ಕೇಳೋದು ಒಂದೇ: "ಇಂಜಿನ್ ಅವರದ್ದೇನಾ, ತಂದಿದ್ದಾ?" ಜೆ-20ಗೆ ಮೊದಲು ರಷ್ಯಾದ್ದು ಇತ್ತು, ಈಗ ಅವರದ್ದೇ ಅಂತ ಹೇಳಿದ್ರೆ ಸ್ವಲ್ಪ ಹೊತ್ತು ಮಾತೇ ಇರಲ್ಲ.

ಆದರೆ ಇಂಜಿನ್ ಯಾಕೆ ಕೈಕೊಡ್ತು, ಯಾರು ಸಹಿ ಹಾಕಿ ಹಾರೋಕೆ ಕಳಿಸಿದರು ಅಂತ ಕೇಳೋ ಪಾತ್ರ ಒಂದೂ ಇಲ್ಲ. ಜೆ-10 ಹಾರಿಸಿದ ಮೊದಲ ಮಹಿಳೆ ಯು ಶೂ ಇದೇ ಚೆಂಗ್ಡುವಿನ ಚೋಂಗ್‌ಝೌ ಕಡೆಯವಳು. 2016ರ ನವೆಂಬರಿನಲ್ಲಿ ತರಬೇತಿ ಹಾರಾಟದಲ್ಲಿ ತೀರಿಕೊಂಡಳು, ಮೂವತ್ತು ವರ್ಷ. ಅಂಥವಳ ಕಥೆಯನ್ನ ನಾಳೆ ಸಿನಿಮಾ ಮಾಡಿದ್ರೆ ಹೂವು ಇರುತ್ತೆ, ಸೆಲ್ಯೂಟ್ ಇರುತ್ತೆ, ತನಿಖೆ ಇರಲ್ಲ. ನಮ್ಮಲ್ಲಿ 2006ರಲ್ಲಿ 'ರಂಗ್ ದೇ ಬಸಂತಿ' ಮಿಗ್ ವಿಮಾನಗಳು ಉದುರೋದಕ್ಕೆ ಸಚಿವನನ್ನೇ ಹೊಣೆ ಮಾಡಿತು. ರಕ್ಷಣಾ ಸಚಿವರೇ ಸೇನಾ ಮುಖ್ಯಸ್ಥರ ಜೊತೆ ಕೂತು ನೋಡಿದರು, ಸಿನಿಮಾ ಬಿಡುಗಡೆಯೂ ಆಯ್ತು. ಅಂತ ಹೇಳಿ ಎದೆ ಉಬ್ಬಿಸಬೇಡ. 2020ರಿಂದ ನಮ್ಮಲ್ಲೂ ಸೇನೆಯ ಬಗ್ಗೆ ಸಿನಿಮಾ ಮಾಡೋರು ರಕ್ಷಣಾ ಸಚಿವಾಲಯದ ಒಪ್ಪಿಗೆ ಪತ್ರ ತರಬೇಕು ಅಂತ ಆಗಿದೆ. ವಾಯುಪಡೆಯ ಮಹಿಳಾ ಪೈಲಟ್ ಕಥೆ 'ಗುಂಜನ್ ಸಕ್ಸೇನಾ' ಬಂದಾಗ ವಾಯುಪಡೆ ಸೆನ್ಸಾರ್ ಮಂಡಳಿಗೆ ದೂರಿತು. ನಮ್ಮಲ್ಲಿ ದೂರಿದ್ದು ಪತ್ರಿಕೆಯಲ್ಲಿ ಬರುತ್ತೆ, ಇಲ್ಲಿ ಸಿನಿಮಾ ಸುಮ್ಮನೆ ಬರಲ್ಲ, ಅಷ್ಟೇ ವ್ಯತ್ಯಾಸ. 2018ರಿಂದ ಸಿನಿಮಾ ಇಲಾಖೆ ಇರೋದೇ ಪಕ್ಷದ ಪ್ರಚಾರ ವಿಭಾಗದ ಕೆಳಗೆ. ವಯಸ್ಸಿಗೆ ತಕ್ಕ ಸರ್ಟಿಫಿಕೇಟೂ ಇಲ್ಲ, ಮಗುವಿಗೂ ಅಜ್ಜಿಗೂ ಒಂದೇ ಸಿನಿಮಾ.

ಇನ್ನು ಮಾತಿಗೊಂದು ವಿಷಯ ಆಗುತ್ತಾ ಅಂದೆಯಲ್ಲ. ಇದನ್ನ ಗಮನ ಇಟ್ಟು ಓದು. ಯೋಧರನ್ನ, ಹುತಾತ್ಮರನ್ನ ಹೀಯಾಳಿಸೋದು 2021ರ ಮಾರ್ಚಿನಿಂದ ಇಲ್ಲಿ ಜೈಲಿನ ಅಪರಾಧ, ಮೂರು ವರ್ಷದವರೆಗೆ. ಕೊರಿಯಾ ಯುದ್ಧದ ದೊಡ್ಡ ಸಿನಿಮಾ 'ಬ್ಯಾಟಲ್ ಅಟ್ ಲೇಕ್ ಚಾಂಗ್‌ಜಿನ್' ಬಂದಾಗ, ಅದರಲ್ಲಿ ಹಿಮಗಟ್ಟಿ ಸತ್ತ ಸೈನಿಕರ ಬಗ್ಗೆ ಕುಹಕದ ಸಾಲು ಬರೆದ ಪತ್ರಕರ್ತ ಲುವೋ ಚಾಂಗ್‌ಪಿಂಗ್‌ಗೆ ಏಳು ತಿಂಗಳು ಆಯ್ತು. ಗಲ್ವಾನ್ ಗಡಿ ಘರ್ಷಣೆಯಲ್ಲಿ ಸತ್ತ ಚೀನೀ ಸೈನಿಕರ ಸಂಖ್ಯೆಯನ್ನ ಪ್ರಶ್ನಿಸಿ ಬರೆದ ಚಿಯು ಝಿಮಿಂಗ್‌ಗೆ ಎಂಟು ತಿಂಗಳು. ಸಿನಿಮಾ ಚೆನ್ನಾಗಿಲ್ಲ ಅಂತ ಯಾರೂ ಒಳಗೆ ಹೋಗಲ್ಲ. ನಟನೆ ಬೋರು, ಲವ್ ಸ್ಟೋರಿ ಬೇಕಿರಲಿಲ್ಲ ಅಂತ ಜನ ಧಾರಾಳವಾಗಿ ಬರೀತಾರೆ. ಗೆರೆ ಎಲ್ಲಿದೆ ಅನ್ನೋದು ಇಲ್ಲಿ ಹುಟ್ಟಿದವರಿಗೆ ಗೊತ್ತು, ನಿನಗೆ ಗೊತ್ತಿಲ್ಲ. ನೀನು ವೀಚಾಟ್ ಗುಂಪಿನಲ್ಲಿ ಏನೋ ಕೇಳಿದ್ರೆ ಉತ್ತರ ಕೊಡಬೇಕಾದವನು ಅಲ್ಲಿರೋ ಇಲ್ಲಿಯ ಗೆಳೆಯ. ನಿನಗೆ ವಾಪಸ್ ಹೋಗೋಕೆ ಒಂದು ಊರಿದೆ.

'ಬಾರ್ನ್ ಟು ಫ್ಲೈ' ನಾನು ನೋಡಿದ್ದು ಆ ಪ್ಯಾಸೆಂಜರ್ ವಿಮಾನದ ಗೆಳೆಯನ ಜೊತೆ, ಮೇ ದಿನದ ರಜೆಯಲ್ಲಿ. ಹೊರಗೆ ಬರ್ತಾ "ವಿಮಾನ ಎಲ್ಲ ಸರಿ ಇದೆ, ಮನುಷ್ಯರೇ ಸರಿ ಇಲ್ಲ" ಅಂದ. ಮಾರನೇ ದಿನ ಆಫೀಸ್ ಗುಂಪಿನಲ್ಲಿ ಯಾರೋ ಕೇಳಿದಾಗ ಎರಡು ಹೆಬ್ಬೆರಳು ಹಾಕಿದ. ಅದನ್ನ ಸುಳ್ಳು ಅನ್ಕೋಬೇಡ. ಎರಡೂ ಅವನ ಮಾತೇ, ಯಾರಿಗೆ ಹೇಳಿದ್ದು ಅನ್ನೋದಷ್ಟೇ ಬೇರೆ.

ಅವನಿಗೆ ನನಗಿಂತ ಹೆಚ್ಚು ಹುಚ್ಚು. ಹುವಾಂಗ್‌ಟಿಯನ್‌ಬಾ ಏರ್‌ಫೀಲ್ಡಿನ ಬೇಲಿ ಹೊರಗೆ ದೊಡ್ಡ ಲೆನ್ಸ್ ಹಿಡಿದು ನಿಲ್ಲೋರ ಪೈಕಿ ಒಬ್ಬ. ಜೆ-20ರ ಮುಂದಿನ ಪುಟ್ಟ ರೆಕ್ಕೆ, ತೇಜಸ್‌ನ ಡೆಲ್ಟಾ ರೆಕ್ಕೆ, ಕಾಂಪೋಸಿಟ್ಟು, ನಾಝಲ್ಲು, ಇವುಗಳ ಮೇಲೆ ನಾವು ಮೇಜಿನ ಮೇಲೆ ಕುದಿಯೋ ಹಾಟ್‌ಪಾಟ್ ಆರಿಹೋಗೋವರೆಗೆ ಜಗಳ ಆಡಿದ್ದೇವೆ. ಆದರೆ 2020ರ ಜೂನಿನಲ್ಲಿ ಗಲ್ವಾನ್ ಆದ ಮಾರನೇ ದಿನ ಇಬ್ಬರೂ ಎದುರುಬದುರು ಊಟಕ್ಕೆ ಕೂತೆವು. ನನ್ನ ಬಟ್ಟಲಿಗೆ ತೋಫು ಬಡಿಸಿದ. ನಾನು ತಿಂದೆ. ಆ ಮಾತನ್ನ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತಿಗೂ ಎತ್ತಿಲ್ಲ. 2025ರ ಮೇನಲ್ಲಿ ನಮಗೂ ಪಾಕಿಸ್ತಾನಕ್ಕೂ ಕಾದಾಟ ಆದಾಗ ಪಾಕಿಸ್ತಾನದವರು ಹಾರಿಸಿದ ಈ ಊರಿನ ಜೆ-10 ಎಲ್ಲರ ಬಾಯಲ್ಲಿತ್ತು, ಲಿಫ್ಟಿನಲ್ಲಿ ಗುರುತಿಲ್ಲದವರೂ ನನ್ನ ಮುಖ ನೋಡ್ತಿದ್ದರು. ಅವನು ಆ ವಾರ ಊಟಕ್ಕೇ ಬರಲಿಲ್ಲ, ಕೆಲಸ ಇದೆ ಅಂದ. ನನಗೆ ಮುಜುಗರ ಆಗದಿರಲಿ ಅಂತಲೋ, ತನಗೇ ಆಗದಿರಲಿ ಅಂತಲೋ. ವಿಮಾನದ ಒಂದೊಂದು ಅಂಗದ ಬಗ್ಗೆಯೂ ಮಾತಾಡಿದ್ದೇವೆ, ಅದರ ಮೂತಿ ಯಾರ ಕಡೆಗಿದೆ ಅನ್ನೋದನ್ನ ಬಿಟ್ಟು. ಇಷ್ಟು ವರ್ಷದಲ್ಲಿ ಇಲ್ಲಿ ನನಗೆ ಸಿಗದೇ ಹೋದದ್ದು ಯಾವುದು ಅಂದ್ರೆ ಅದನ್ನೂ ಬಿಚ್ಚಿ ಮಾತಾಡೋ ಒಂದು ಸಂಜೆ. ಅಮ್ಮನ ಕೈ ಊಟ ಸಹ ಆಮೇಲೆ.

ಗೆಳೆತನ ಆಗಲ್ಲ ಅಂತ ಹೇಳ್ತಿಲ್ಲ. ಕೋವಿಡ್ ಸಮಯದಲ್ಲಿ ನಿಂತ ನೇರ ವಿಮಾನ 2025ರ ಅಕ್ಟೋಬರಿನವರೆಗೆ ಶುರುವಾಗಲಿಲ್ಲ. ಊರಿಗೆ ಹೋಗಲಾಗದೆ ಒದ್ದಾಡ್ತಿದ್ದಾಗ ಹಬ್ಬಕ್ಕೆ ಮನೆಗೆ ಕರೆದು ಕೂರಿಸಿಕೊಂಡವನು ಅವನೇ. ನೀನೂ ವಿಮಾನದ ಮಾತಿನಿಂದಲೇ ಶುರು ಮಾಡು, ಎಲ್ಲರೂ ಖುಷಿಯಿಂದ ಸೇರ್ತಾರೆ. ಅವರು ಎಲ್ಲಿ ನಿಲ್ಲಿಸ್ತಾರೋ ಅಲ್ಲಿ ನೀನೂ ನಿಲ್ಲಿಸು. ಏನಾದ್ರೂ ಕೇಳೋದಿದ್ರೆ ಎದುರಿಗೆ, ಒಬ್ಬನೇ ಇದ್ದಾಗ. ಬರವಣಿಗೆಯಲ್ಲಿ ಬೇಡ.

ಭಾಷೆ ಕಲಿಯೋಕೆ ಈ ಫೈಟರ್ ಸಿನಿಮಾಗಳು ಅಷ್ಟು ಪ್ರಯೋಜನ ಇಲ್ಲ. ಅರ್ಧ ಸೇನೆಯ ಆಜ್ಞೆ, ಇನ್ನರ್ಧ ಭಾಷಣ. ಅದಕ್ಕೆ 2019ರ 'ದ ಕ್ಯಾಪ್ಟನ್' ನೋಡು. 2018ರ ಮೇ 14ರಂದು ಚೋಂಗ್‌ಚಿಂಗ್‌ನಿಂದ ಲಾಸಾಗೆ ಹೊರಟ ಸಿಚುವಾನ್ ಏರ್‌ಲೈನ್ಸ್ ವಿಮಾನದ ಕಾಕ್‌ಪಿಟ್ ಗಾಜು ಒಡೆದು, ಪೈಲಟ್ ಅದನ್ನ ನಮ್ಮ ಚೆಂಗ್ಡುವಿನಲ್ಲೇ ಇಳಿಸಿದ ನಿಜ ಕಥೆ. ಜನ ದಿನಾ ಆಡೋ ಮಾತು ಅದರಲ್ಲಿದೆ. ಪ್ಯಾಸೆಂಜರ್ ವಿಮಾನದ ಕಥೆ ಆದ್ದರಿಂದ ಹೆದರಿಕೆಯನ್ನೂ ಬಿಚ್ಚಿ ತೋರಿಸಿದ್ದಾರೆ.

ಕೊನೆಯದು, ಕ್ಯಾಮೆರಾ ತರಲಾ ಅಂದೆ. ತಾ. ಆದರೆ ಹುವಾಂಗ್‌ಟಿಯನ್‌ಬಾ ಬೇಲಿ ಹತ್ತಿರ ವಿದೇಶಿ ಮುಖ ಹೊತ್ತು ಹೋಗಬೇಡ, ಇಲ್ಲಿಯವರು ನಿಂತಿದ್ದಾರಲ್ಲ ಅಂತ ಅಂತೂ ಹೋಗಲೇಬೇಡ. ಬೇಹುಗಾರಿಕೆ ತಡೆ ಕಾಯ್ದೆಯನ್ನ 2023ರ ಜುಲೈನಿಂದ ಇನ್ನೂ ಬಿಗಿ ಮಾಡಿದ್ದಾರೆ. ಎರಡು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ದಕ್ಷಿಣದ ಝುಹಾಯ್‌ನಲ್ಲಿ ಏರ್ ಶೋ ನಡೆಯುತ್ತೆ, ನಮ್ಮ ಯಲಹಂಕದ್ದರ ಹಾಗೆ. ಜೆ-20 ಜನರ ಮುಂದೆ ಮೊದಲು ಹಾರಿದ್ದು ಅಲ್ಲೇ, 2016ರಲ್ಲಿ. ಸಾರ್ವಜನಿಕರ ದಿನಕ್ಕೆ ಟಿಕೆಟ್ ತಗೋ, ಪಾಸ್‌ಪೋರ್ಟ್ ಮರೀಬೇಡ, ಮೆಮೊರಿ ಕಾರ್ಡ್ ತುಂಬೋವರೆಗೆ ಫೋಟೋ ತೆಗಿ.