ಗುಲ್‌ಮೊಹರ್ ಹಸಿರಾಗಿದ್ದರೂ ಒಳಗೆ ಟೊಳ್ಳಾಗಿರಬಹುದು

ಮನೆ ಮುಂದಿನ ಹಳೇ ಗುಲ್‌ಮೊಹರ್ ತುಂಬಾ ಎಲೆ ಬಿಟ್ಟಿದೆ, ಬುಡದಲ್ಲಿ ಮಾತ್ರ ಅಣಬೆ ಬಂದಿದೆ, ಭಯಪಡಬೇಕಾ ಅಂತ ಕೇಳಿದ್ದೀರಿ. ಎಲೆ ನೋಡಿ ನಂಬಬೇಡಿ. ನೀರು ಮೇಲೇರುವುದು ತೊಗಟೆಯ ಹತ್ತಿರದ ಹೊಸ ಮರದ ಪದರದಲ್ಲಿ, ಹಾಗಾಗಿ ನಡುವಿನ ತಿರುಳು ಪೂರ್ತಿ ಕೊಳೆತರೂ ಮೇಲೆ ಹೂವು, ಎಲೆ ಎಲ್ಲಾ ಬರುತ್ತಲೇ ಇರುತ್ತೆ.

ಆ ಅಣಬೆಯನ್ನು ಉಗುರಿನಿಂದ ಒತ್ತಿ ನೋಡಿ. ಮರದ ಹಾಗೆ ಗಟ್ಟಿಯಾಗಿ, ಮೇಲೆ ಕಂದು ಬಣ್ಣ, ಅಂಚು ಬಿಳಿ ಇದ್ದರೆ ಅದು ಗ್ಯಾನೊಡರ್ಮಾ ಅನ್ನೋ ಶಿಲೀಂಧ್ರ ಇರಬಹುದು. ಅದು ಬೇರು ಮತ್ತು ಬುಡವನ್ನೇ ತಿನ್ನುತ್ತೆ. ಕಿತ್ತು ಬಿಸಾಕಿದರೆ ಪ್ರಯೋಜನವಿಲ್ಲ, ಕೊಳೆ ಒಳಗೇ ಉಳಿಯುತ್ತೆ.

ಆಮೇಲೆ ಒಂದು ಮರದ ಸುತ್ತಿಗೆ ತಗೊಂಡು ಬುಡದ ಸುತ್ತ ಗೇಣಿಗೊಂದು ಕಡೆ ತಟ್ಟಿ. ಹಲಸಿನ ಹಣ್ಣು ತಟ್ಟಿ ನೋಡ್ತೀವಲ್ವಾ, ಹಾಗೆ. ಗಟ್ಟಿ ಜಾಗದಲ್ಲಿ 'ಟಕ್' ಅನ್ನುತ್ತೆ, ಟೊಳ್ಳಾದ ಕಡೆ 'ಡಬ್' ಅಂತ ತಮಟೆಯ ಹಾಗೆ. ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಫೋಟೋ ತೆಗೆದಿಡಿ.

ಟೊಳ್ಳು ಅಂದ ತಕ್ಷಣ ಕಡಿಸಬೇಕಿಲ್ಲ. 90 ಸೆಂ.ಮೀ. ವ್ಯಾಸದ ಕಾಂಡಕ್ಕೆ ಸುತ್ತಲೂ ಸುಮಾರು 15 ಸೆಂ.ಮೀ. ಗಟ್ಟಿ ಮರ ಉಳಿದಿದ್ದರೆ ಕಾಂಡ ಸಾಮಾನ್ಯವಾಗಿ ತಡೆಯುತ್ತೆ, ಆದರೆ ಒಂದು ಪಕ್ಕ ಬಾಯಿ ತೆರೆದಿದ್ದರೆ ಈ ಲೆಕ್ಕ ನಡೆಯಲ್ಲ. ಉಳಿದ ದಪ್ಪ ತಿಳಿಯಲು ಸೂಜಿಯಂಥ ಡ್ರಿಲ್ಲಿನ ರೆಸಿಸ್ಟೋಗ್ರಾಫ್ ಇದೆ, ಕಾಂಡದ ಸುತ್ತ ಸೆನ್ಸರ್ ಕಟ್ಟಿ ಶಬ್ದದ ವೇಗ ಅಳೆಯುವ ಟೊಮೊಗ್ರಾಫ್ ಕೂಡ ಇದೆ. ಬೇರಿನ ಕೊಳೆ ಮಾತ್ರ ಇವುಗಳಲ್ಲೂ ಸರಿಯಾಗಿ ಕಾಣಲ್ಲ. ಅದಕ್ಕೇ ನಿಮ್ಮ ಮರದ ಬಗ್ಗೆ ನನಗೆ ಜಾಸ್ತಿ ಚಿಂತೆ.

ದಯವಿಟ್ಟು ಪೊಟರೆಗೆ ಸಿಮೆಂಟ್ ತುಂಬಿಸಬೇಡಿ. ಬುಡದ ಮಣ್ಣು ಬಿರುಕು ಬಿಟ್ಟಿದ್ದರೆ, ಇಲ್ಲವೇ ಮರ ಹೊಸದಾಗಿ ವಾಲಿದ್ದರೆ, ಇವತ್ತೇ ಅದರ ಕೆಳಗಿಂದ ಕಾರು ತೆಗೆಯಿರಿ, ಮಕ್ಕಳನ್ನು ಆಡಲು ಬಿಡಬೇಡಿ, ಮರ ಕಡಿಯಲು ಅನುಮತಿ ಕೊಡುವ ವೃಕ್ಷಾಧಿಕಾರಿಗೆ ಫೋಟೋ ಸಮೇತ ಅರ್ಜಿ ಕೊಡಿ.