ಫಾರ್ಮಿನ 'ರ್' ಎಲ್ಲಿ ಹೋಯಿತು?

ದಾವಣಗೆರೆಯ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಜೋರಾಗಿ ನಕ್ಕುಬಿಟ್ಟೆ. ಇಂಗ್ಲೆಂಡಿನ ಸಾಮರ್ಸೆಟ್‌ನ ಮಗಳ ಮನೆಯಲ್ಲಿ ಎಂಟು ವರ್ಷದ ಮೊಮ್ಮಗಳು 'ಫ್ರೀ ಬಿಸ್ಕೆಟ್' ಎಂದಾಗ ಬಿಟ್ಟಿ ಅಂದುಕೊಂಡಿರಿ, ಅವಳು ಕೇಳಿದ್ದು 'ಥ್ರೀ'! ಪಕ್ಕದ ಮನೆಯ ಅಜ್ಜಿ 'ಫಾರ್ಮ್' ಎಂದರೆ ನಮ್ಮಂತೆಯೇ 'ರ್' ಕೇಳಿಸುತ್ತದೆ, ಮೊಮ್ಮಗಳ ಬಾಯಲ್ಲಿ ಅದು 'ಫಾಮ್'. ಟೀವಿ, ಮೊಬೈಲು ಸೇರಿ ಊರೂರಿನ ಧಾಟಿಯನ್ನು ಅಳಿಸುತ್ತಿವೆಯೇ, ಹುಡುಗಿಯನ್ನು ತಿದ್ದಲೇ ಎಂದು ಕೇಳಿದ್ದೀರಿ.

ನಿಮ್ಮ ಕಿವಿ ಚುರುಕು. ಆ 'ರ್' ನಿಜಕ್ಕೂ ಹಿಂದೆ ಸರಿಯುತ್ತಿದೆ. 1950ರಿಂದ 1961ರವರೆಗೆ ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಅವರ ತಂಡ ಜನರ ಮಾತಿನ ಧಾಟಿ ದಾಖಲಿಸಲು 313 ಊರು ಸುತ್ತಿತು. ವಯಸ್ಸಾದ ಹಳ್ಳಿಗರನ್ನು ಕೂರಿಸಿಕೊಂಡು 1,300ಕ್ಕೂ ಹೆಚ್ಚು ಪ್ರಶ್ನೆ ಕೇಳಿತು. ಪಾಪ, ಆ ಮುದುಕರ ತಾಳ್ಮೆಯೇ! ಆಗ 'ಆರ್ಮ್' ಪದದ 'ರ್' ದಕ್ಷಿಣದ ಎಷ್ಟೋ ಹಳ್ಳಿಗಳಲ್ಲಿತ್ತು, ಲ್ಯಾಂಕಾಶೈರ್‌ನಲ್ಲೂ ಇತ್ತು. 2016ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರೂ ಜೊತೆಗಾರರೂ ಒಂದು ಆ್ಯಪ್ ಮೂಲಕ 30,000ಕ್ಕೂ ಹೆಚ್ಚು ಜನರಿಂದ ಪಡೆದ ಉತ್ತರ ಪ್ರಕಟಿಸಿದರು. ಅಷ್ಟರಲ್ಲಿ 'ರ್' ಹೆಚ್ಚುಕಡಿಮೆ ನೈರುತ್ಯ ಮೂಲೆಗೆ ಸೇರಿಕೊಂಡಿತ್ತು. ನಿಮ್ಮ ಮಗಳು ಇರುವುದು ಆ ಮೂಲೆಯಲ್ಲೇ.

ಟೀವಿಯನ್ನು ಬೈಯುವುದು ಸುಲಭ. ಆದರೆ ಮಗು ಟೀವಿಯ ಜೊತೆ ಜಗಳ ಆಡುವುದಿಲ್ಲ, ಟೀವಿಯ ಮುಂದೆ ಜಂಬ ಕೊಚ್ಚುವುದಿಲ್ಲ, ಅಲ್ವಾ? ಮಿಲ್ಟನ್ ಕೀನ್ಸ್ ಊರಿನ ಕತೆ ಕೇಳಿ. 1967ರಲ್ಲಿ ಹೊಸ ಪಟ್ಟಣ ಎಂದು ಘೋಷಿಸಿ ಕಟ್ಟಿದ ಊರು. ಲಂಡನ್ನಿನವರು, ಸ್ಕಾಟ್ಲೆಂಡಿನವರು, ಉತ್ತರದವರು ಎಲ್ಲ ಬಂದು ನೆಲೆಸಿದರು. 1990ರ ದಶಕದ ಆರಂಭದಲ್ಲಿ ಭಾಷಾವಿಜ್ಞಾನಿಗಳಾದ ಪಾಲ್ ಕರ್ಸ್‌ವಿಲ್ ಮತ್ತು ಆನ್ ವಿಲಿಯಮ್ಸ್ ಅಲ್ಲಿನ 4, 8, 12 ವರ್ಷದ ಮಕ್ಕಳ ಮಾತನ್ನು ರೆಕಾರ್ಡ್ ಮಾಡಿದರು. ನಾಲ್ಕರವರ ಮಾತು ಅಮ್ಮನದಕ್ಕೆ ಹತ್ತಿರ. ಎಂಟರವರು ಆಗಲೇ ಅಮ್ಮನನ್ನು ಬಿಟ್ಟು ಓರಗೆಯವರ ಕಡೆ ವಾಲಿದ್ದರು. ದೊಡ್ಡವರಲ್ಲಿ ಒಬ್ಬೊಬ್ಬರದು ಒಂದೊಂದು ಧಾಟಿ, ಮಕ್ಕಳಲ್ಲಿ ಊರಿಗೇ ಒಂದು ಹೊಸ ಧಾಟಿ ಕೂಡುತ್ತಿತ್ತು. ಧಾರವಾಡದ ಹುಡುಗ ಬೆಂಗಳೂರಿನ ಶಾಲೆ ಸೇರಿದ ವರ್ಷದೊಳಗೆ ಮನೆಯಲ್ಲಿ 'ಬರ್ತೇನ್ರಿ', ಮೈದಾನದಲ್ಲಿ 'ಬರ್ತೀನಿ' ಅನ್ನುವುದನ್ನು ನಾವೇ ನೋಡಿಲ್ಲವೇ?

ಟೀವಿಗೆ ಪಾಲೇ ಇಲ್ಲ ಎಂದರೂ ತಪ್ಪು. 'ಥ್ರೀ'ಯನ್ನು 'ಫ್ರೀ' ಅನ್ನುವುದು ಹಿಂದೆ ಲಂಡನ್ನಿನ ಕಾಕ್ನಿಗಳ, ಅಂದರೆ ಅಲ್ಲಿನ ಪೂರ್ವ ಭಾಗದ ದುಡಿಮೆಗಾರರ ಗುರುತು. ಅದು ಸ್ಕಾಟ್ಲೆಂಡಿನ ಗ್ಲಾಸ್ಗೋ ಹುಡುಗರವರೆಗೂ ಹೋಯಿತು. ಜೇನ್ ಸ್ಟುವರ್ಟ್-ಸ್ಮಿತ್ ಅವರ ತಂಡ ನೋಡಿದಂತೆ, ಲಂಡನ್ನಿನ ಕತೆಯ ಧಾರಾವಾಹಿಯೊಂದನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲಿ ಅದು ಜಾಸ್ತಿ. ಸುಮ್ನೆ ನೋಡಿದರೆ ಸಾಲದು, ಪಾತ್ರದ ಜೊತೆ ಅಳಬೇಕು!

ಇತ್ತ ಲಂಡನ್ನಿನಲ್ಲೇ ಕಾಕ್ನಿ ಧಾಟಿ ಕಮ್ಮಿಯಾಯಿತು. ಎರಡನೇ ಮಹಾಯುದ್ಧದ ನಂತರ ಎಷ್ಟೋ ಕುಟುಂಬಗಳು ಎಸೆಕ್ಸ್‌ನ ಹಾರ್ಲೋ, ಬ್ಯಾಸಿಲ್ಡನ್ ಕಡೆ ಹೋದವು, ಧಾಟಿಯೂ ಹಿಂದೆಯೇ ಹೋಯಿತು. ಲಂಡನ್ನಿನೊಳಗೆ ಹ್ಯಾಕ್ನಿಯಂಥ ಕಡೆ ಜಮೈಕಾ, ಆಫ್ರಿಕಾ, ಬಾಂಗ್ಲಾದೇಶ ಮೂಲದವರ ಮಕ್ಕಳು ಬಿಳಿಯ ಗೆಳೆಯರೊಡನೆ ಬೆಳೆದು ಬೇರೆಯದೇ ಇಂಗ್ಲಿಷ್ ಕಟ್ಟಿಕೊಂಡರು. ರಾಣಿ ಎಲಿಜಬೆತ್ ಅವರನ್ನೂ ಈ ಬದಲಾವಣೆ ಬಿಡಲಿಲ್ಲ. 1950ರ ಮತ್ತು 1980ರ ದಶಕಗಳ ಅವರ ಕ್ರಿಸ್‌ಮಸ್ ಭಾಷಣಗಳನ್ನು ಹೋಲಿಸಿದ ಜೊನಾಥನ್ ಹ್ಯಾರಿಂಗ್ಟನ್ ತಂಡ, ಅವರ ಸ್ವರಗಳು ಸಾಮಾನ್ಯ ಜನರ ಮಾತಿನತ್ತ ಸರಿದಿದ್ದನ್ನು 2000ದಲ್ಲಿ ತೋರಿಸಿತು.

ಹಾಗಾಗಿ ಮೊಮ್ಮಗಳನ್ನು ತಿದ್ದಲು ಹೋಗಬೇಡಿ. ಅವಳ ಗೆಳತಿಯರ ಮುಂದೆ ನಿಮ್ಮ ಮಾತು ನಡೆಯುವುದಿಲ್ಲ. ಆ ಅಜ್ಜಿ ಒಪ್ಪಿದರೆ ಅವರ 'ಫಾರ್ಮ್' ಅನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಅಂದಹಾಗೆ, ಹುಡುಗಿ ಕನ್ನಡದಲ್ಲಿ 'ಮೂರು' ಅನ್ನುವಾಗ ಆ 'ರು' ಹೇಗೆ ಕೇಳಿಸುತ್ತದೆ? ಅದನ್ನು ನೀವು ಬರೆದೇ ಇಲ್ಲ.

-ಸಂ.