ಬೇಲಿಯಾಚೆ ಮೆಕ್ಕೆಜೋಳ ಯಾಕಿಲ್ಲ?

ಪ್ರಶ್ನೆ: ನನ್ನ ಅಳಿಯ ಬಿಎಸ್‌ಎಫ್‌ನಲ್ಲಿದ್ದಾರೆ. ಈಗ ಪಂಜಾಬಿನ ಫಿರೋಜ್‌ಪುರದ ಕಡೆ, ಪಾಕಿಸ್ತಾನದ ಗಡಿಯ ಒಂದು ಸಣ್ಣ ಹಳ್ಳಿಯ ಪಕ್ಕ ಡ್ಯೂಟಿ. ಅಲ್ಲಿನ ರೈತರು ಸ್ವಂತ ಹೊಲಕ್ಕೆ ಹೋಗಲೂ ಕಾರ್ಡ್ ತೋರಿಸಬೇಕಂತೆ, ಮೆಕ್ಕೆಜೋಳ ಹಾಕುವ ಹಾಗಿಲ್ಲವಂತೆ. ನಿಜಾನಾ? ಚಳಿ ಶುರುವಾಗಿದೆ, ಅಳಿಯನಿಗೆ ಮಂಡಕ್ಕಿ ಕಳಿಸೋಣ ಅಂತಿದ್ದೇನೆ.
– ಓದುಗರೊಬ್ಬರು, ಹೊನ್ನಾಳಿ

ಉತ್ತರ: ನಿಜ ತಾಯಿ. ನಾನೂ ಬಿಎಸ್‌ಎಫ್‌ನಲ್ಲಿದ್ದು, ಆ ಗಡಿಬೇಲಿಯ ಗೇಟಿನಲ್ಲಿ ನಿಂತವನೇ. ಈಗ ರಿಟೈರ್ ಆಗಿ ಜಗಳೂರಿನ ಹತ್ತಿರ ಮೂರು ಎಕರೆ ಮೆಕ್ಕೆಜೋಳ ಹಾಕಿಕೊಂಡಿದ್ದೇನೆ.

ಗಡಿಗೆರೆಗೆ ಅಲ್ಲಿ ಜೀರೋ ಲೈನ್ ಅಂತಾರೆ. ಮುಳ್ಳುತಂತಿ ಬೇಲಿ ಇರೋದು ಆ ಗೆರೆಯ ಮೇಲಲ್ಲ, ಸುಮಾರು 150 ಗಜ ನಮ್ಮ ಕಡೆಗೆ. ಕೆಲವು ಕಡೆ ಇನ್ನೂ ಒಳಗೆ. ಹಾಗಾಗಿ ಎಷ್ಟೋ ರೈತರ ಹೊಲ ಬೇಲಿಯ ಆಚೆ ಉಳಿಯಿತು. ಭೂಮಿ ಭಾರತದ್ದೇ, ದಾಖಲೆಯೂ ರೈತನ ಹೆಸರಲ್ಲೇ. ಗೇಟಿನ ಬೀಗದಕೈ ಮಾತ್ರ ನಮ್ಮ ಹತ್ತಿರ.

ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೆ ಟ್ರ್ಯಾಕ್ಟರ್ ಸಾಲು ನಿಂತಿರುತ್ತಿತ್ತು. ಕಾರ್ಡ್ ನೋಡಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಸೀಟಿನ ಕೆಳಗೆ ಕೈ ಹಾಕಿ ನೋಡಬೇಕು. ಊಟದ ಡಬ್ಬಿಯನ್ನೂ ಬಿಡುವ ಹಾಗಿಲ್ಲ. ನನ್ನ ತಂದೆಯ ವಯಸ್ಸಿನ ಒಬ್ಬ ಸರ್ದಾರ್ಜಿ, ನಾನು ಕೇಳುವ ಮೊದಲೇ ಡಬ್ಬಿಯ ಮುಚ್ಚಳ ತೆಗೆದು ಹಿಡಿಯುತ್ತಿದ್ದರು. ರೊಟ್ಟಿ, ಸಾಸಿವೆ ಸೊಪ್ಪಿನ ಪಲ್ಯ, ಒಂದು ಈರುಳ್ಳಿ. ದಿನಾ ಅದೇ. ದಿನಾ ನನಗೆ ಮುಜುಗರ. ಹೆಂಗಸರನ್ನು ತಪಾಸಣೆ ಮಾಡಲು ಹೆಣ್ಣುಮಕ್ಕಳು ಫೋರ್ಸಿಗೆ ಬಂದದ್ದು 2009ರಲ್ಲಿ. ಬೇಲಿ ದಾಟಿದ ಮೇಲೂ ರೈತರ ಜೊತೆ ಬಂದೂಕು ಹಿಡಿದ ಜವಾನರು ಇರುತ್ತಾರೆ. ಅವರಿಗೆ ಕಿಸಾನ್ ಗಾರ್ಡ್ ಅಂತ ಹೆಸರು.

ಸಂಜೆ ಎಲ್ಲರೂ ವಾಪಸ್. ನಮ್ಮಲ್ಲಿ ರಾತ್ರಿ ತ್ರೀಫೇಸ್ ಕೊಟ್ಟರೆ ಬೈದುಕೊಂಡಾದರೂ ಟಾರ್ಚ್ ಹಿಡಿದು ಮೋಟರ್ ಹಾಕಲು ಹೋಗುತ್ತೇವೆ, ಅಲ್ವಾ? ಬೇಲಿಯಾಚೆ ಹೊಲ ಇದ್ದವನಿಗೆ ಅದೂ ಇಲ್ಲ. ರಾತ್ರಿ ಕಾಡುಹಂದಿ ನುಗ್ಗಿದರೆ ಈಚೆ ಮಲಗಿಕೊಂಡು ಸದ್ದು ಕೇಳಬೇಕು ಅಷ್ಟೆ.

ಇನ್ನು ಮೆಕ್ಕೆಜೋಳ. ಗೋಧಿ, ಭತ್ತ ಹಾಕಬಹುದು. ಸೊಂಟದ ಮೇಲೆ ಬರಲ್ಲ, ಬಗ್ಗಿ ಬರುವವನೂ ಕಾಣುತ್ತಾನೆ. ಮೆಕ್ಕೆಜೋಳ, ಕಬ್ಬು ಆಳೆತ್ತರ ಬೆಳೆಯುತ್ತವೆ. ಅದರೊಳಗೆ ಹತ್ತು ಜನ ಕೂತರೂ ಗೊತ್ತಾಗಲ್ಲ. ಕಾರಣ ಸರಿಯಾದದ್ದೇ. ಆದರೆ ನಷ್ಟ ಮಾತ್ರ ಆ ಹಳ್ಳಿಯವನದೊಬ್ಬನದೇ. ಇದು ನನಗೆ ಅವತ್ತೂ ಸರಿ ಕಾಣಲಿಲ್ಲ, ಇವತ್ತೂ ಇಲ್ಲ.

ಮಂಡಕ್ಕಿ ಬೇಡಮ್ಮ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಎದುರಿಗೆ ನಿಂತವರೂ ಕಾಣದಷ್ಟು ಮಂಜು. ಒಂದೇ ರಾತ್ರಿಗೆ ಮೆತ್ತಗಾಗುತ್ತೆ. ಶೇಂಗಾ ಚಟ್ನಿಪುಡಿ ಕಳಿಸಿ, ಸ್ವಲ್ಪ ಜಾಸ್ತಿನೇ. ಬ್ಯಾರಕ್ಕಿನಲ್ಲಿ ಡಬ್ಬಿ ತೆಗೆದರೆ ಅಳಿಯನಿಗೆ ಎರಡು ಚಮಚ ಉಳಿದರೆ ಪುಣ್ಯ.

ಅಂದಹಾಗೆ, ಊರಿಗೆ ಬಂದ ಮೊದಲ ಮಳೆಗಾಲ ನನ್ನ ಹೊಲದಲ್ಲಿ ಮೆಕ್ಕೆಜೋಳ ತಲೆ ಮೀರಿ ಬೆಳೆದು ನಿಂತಿತ್ತು. ರಾತ್ರಿ ನಿದ್ದೆ ಬರಲಿಲ್ಲ. ಟಾರ್ಚ್ ಹಿಡಿದು ಬದುವಿನ ಸುತ್ತ ಎರಡು ಸಲ ಸುತ್ತಿ ಬಂದೆ. ‘ಯಾರನ್ನು ಹುಡುಕ್ತಿದ್ದೀರಿ?’ ಅಂತ ಮನೆಯವಳು ನಕ್ಕಳು.